ಸುತ್ತಿಗೆ ಓದಿದ ಪದಗಳು

ನಮ್ಮ ಮನೆತನದಲ್ಲಿ ಬಾಯಿಗಿಂತ ಕೈ ಮುಂದು. ಅಪ್ಪ ಹೊಡೆಯುತ್ತಿದ್ದ, ಅಮ್ಮ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದಳು, ಅಣ್ಣ ಇಬ್ಬರಿಂದಲೂ ಕಲಿತ. ನಾನೇನು ಕಡಿಮೆಯಲ್ಲ. ಇಸ್ತ್ರಿ ಅಂಗಡಿ ಇಟ್ಟುಕೊಂಡವಳು. ಸುಮ್ಮಸುಮ್ಮನೆ ತಕರಾರು ತೆಗೆದ ಗಿರಾಕಿಯ ಮುಖಕ್ಕೆ ಅವನ ಪ್ಯಾಂಟನ್ನೇ ಎಸೆದು ಕಳಿಸಿದ್ದೇನೆ. ಆದರೆ ನಮ್ಮೆಲ್ಲರನ್ನೂ ಮೀರಿಸಿದವಳು ನಮ್ಮಣ್ಣನ ಮಗಳು. ಬೀದಿಯವರೆಲ್ಲ ಅವಳನ್ನು ಸುತ್ತಿಗೆ ಎನ್ನುತ್ತಿದ್ದರು. ಹೆಸರು ಹಿಡಿದು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಅವಳು ಇನ್ನೂ ಚಿಕ್ಕವಳಿದ್ದಾಗ ಅಣ್ಣ ತನ್ನ ಹೆಂಡತಿಯ ದವಡೆ ಮುರಿದ. ಅತ್ತಿಗೆ ಆಸ್ಪತ್ರೆಯಿಂದ ಹಾಗೇ ತವರಿಗೆ ಹೋದಳು, ವರ್ಷ ತುಂಬುವ ಮೊದಲೇ ಅಲ್ಲಿ ಜ್ವರ ಬಂದು ತೀರಿಕೊಂಡಳು. ಮಗುವನ್ನು ನಾನು ಕೈಹಿಡಿದು ನನ್ನ ಮನೆಗೆ ಕರೆತಂದೆ. ಅಣ್ಣ ಅಡ್ಡ ಬರಲಿಲ್ಲ. ಅವನಿಗೆ ಲಾರಿ ಗ್ಯಾರೇಜು, ಬಾಟಲಿ, ಜೊತೆಗೆ ನಾಲ್ಕು ಜನ ಹೊಗಳುಭಟರಿದ್ದರೆ ಸಾಕಾಗಿತ್ತು.

ಸುತ್ತಿಗೆ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಓದುತ್ತೇನೆ ಎಂದಾಗ ನಾನು ನಕ್ಕುಬಿಟ್ಟೆ. ಕಮ್ಯುನಿಕೇಷನ್ ಎಂದರೆ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸುವುದಂತೆ. ನಮ್ಮ ಮನೆಯಲ್ಲಿ ಮುಟ್ಟಿಸಿದ್ದು ಬರೀ ಏಟು. ಆದರೆ ಆ ಹುಡುಗಿಯ ಕೈಗೆ ಬೆಸುಗೆಯ ಕಡ್ಡಿ ಸಿಕ್ಕರೆ ನೋಡಬೇಕಿತ್ತು. ಎಲ್ಲರ ಬೆರಳೂ ನಡುಗುವ ಕಡೆ ಅವಳ ಬೆರಳು ಕಲ್ಲು. ಅಕ್ಕಿಕಾಳಿನಷ್ಟು ತವರವನ್ನು ಇಡಬೇಕಾದ ಜಾಗಕ್ಕೇ ಇಟ್ಟು, ಉಸಿರು ಬಿಗಿಹಿಡಿದು, ಕಡ್ಡಿ ಎತ್ತುತ್ತಿದ್ದಳು. ಆ ಹೊತ್ತಿಗೆ ಅವಳ ಮುಖದಲ್ಲಿ ಸಿಟ್ಟಿನ ಸುಳಿವೂ ಇರುತ್ತಿರಲಿಲ್ಲ. ಅದನ್ನು ನೋಡುವುದಕ್ಕೆಂದೇ ನಾನು ಇಸ್ತ್ರಿ ಬಿಟ್ಟು ಅವಳ ಮೇಜಿನ ಪಕ್ಕ ಕೂರುತ್ತಿದ್ದೆ.

ಕಾಲೇಜಿನಲ್ಲೂ ಸಿಟ್ಟು ಬೆನ್ನು ಬಿಡಲಿಲ್ಲ. ಬೇರೆ ತರಗತಿಯವನೊಬ್ಬ ಲ್ಯಾಬಿನಲ್ಲಿ ಹಿಂದಿನಿಂದ ಬಂದು ಅವಳ ಜಡೆ ಎಳೆದ. ಅವಳು ತಿರುಗಿಯೂ ನೋಡದೆ ಕಾದ ಕಡ್ಡಿಯನ್ನು ಅವನ ಮಣಿಕಟ್ಟಿಗೆ ಒತ್ತಿದಳು. ಚರ್ಮ ಸುಟ್ಟ ವಾಸನೆ ಕಾರಿಡಾರಿನವರೆಗೂ ಬಂತಂತೆ. ಪ್ರಿನ್ಸಿಪಾಲರು ನನ್ನನ್ನೂ ಕರೆಸಿದರು.

"ನೋಡಿಮ್ಮಾ, ಜಡೆ ಎಳೆದವನನ್ನ ಈಗಾಗಲೇ ಹೊರಗೆ ಹಾಕಿದ್ದೀನಿ. ಆದ್ರೆ ಇವಳು ಈ ಗೇಟಿನೊಳಗೆ ಇನ್ನೊಂದು ಸಲ ಕೈ ಎತ್ತಿದ್ರೆ, ಯಾಕೆ ಏನು ಅಂತ ಕೇಳಲ್ಲ. ಇವಳೂ ಹೊರಗೆ."

"ಆಯ್ತು ಸರ್," ಎಂದೆ ನಾನು.

ಸುತ್ತಿಗೆ ಅದೇ ಉರಿಯಲ್ಲಿ ಲ್ಯಾಬಿಗೆ ಹೋಗಿ ತನ್ನ ಟ್ರಾನ್ಸ್‌ಮಿಟರಿನ ಸ್ವಿಚ್ ಒತ್ತಿದಳು. ಕೊನೆಯ ವರ್ಷದ ಪ್ರಾಜೆಕ್ಟು ಅದು, ಇಬ್ಬರಿಬ್ಬರಿಗೆ ಒಂದು. ಒಬ್ಬರು ಮಾತು ಕಳಿಸುವ ಪೆಟ್ಟಿಗೆ ಮಾಡಬೇಕು, ಇನ್ನೊಬ್ಬರು ಅದನ್ನು ಕೇಳಿಸುವ ಪೆಟ್ಟಿಗೆ. ಇವಳ ಜೊತೆಗಾರ ಒಬ್ಬ ಸಣಕಲ ಹುಡುಗ. ಅವನ ಮಾತು ಅವನಿಗೇ ಕೇಳಿಸುತ್ತಿತ್ತೋ ಇಲ್ಲವೋ, ಎಲ್ಲರೂ ಅವನನ್ನು ಪಿಸು ಎನ್ನುತ್ತಿದ್ದರು. ಸ್ವಿಚ್ ಒತ್ತಿದ್ದೇ ತಡ, ಪೆಟ್ಟಿಗೆಯಿಂದ ಹೊಗೆ ಬಂತು.

"ಆಂಟೆನಾ ಹಾಕಿರ್ಲಿಲ್ಲ," ಎಂದ ಪಿಸು.

ಇವಳು ಅವನ ಕೊರಳಪಟ್ಟಿ ಹಿಡಿದಳು.

"ಹೊಡೀ ಬೇಕಾದ್ರೆ. ಸುಟ್ಟುಹೋದ ಟ್ರಾನ್ಸಿಸ್ಟರ್ ವಾಪಸ್ ಬರಲ್ಲ," ಎಂದ ಅವನು, ಅದೇ ಮೆಲುದನಿಯಲ್ಲಿ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಸಾವಿರ ಸಲ ಹೇಳಿದ್ದೆ; ನನ್ನಿಂದ ಆಗದ್ದು ಆ ಸಣಕಲನಿಂದ ಆಯಿತು. ಅವಳು ಕೈ ಬಿಟ್ಟಳು. ರಾತ್ರಿ ಊಟಕ್ಕೆ ಕೂತಾಗ ನನಗೂ ವಿವರಿಸಿದಳು: ಆಂಟೆನಾ ಇಲ್ಲದಿದ್ದರೆ ಹೊರಗೆ ಹೋಗಬೇಕಾದ ಶಕ್ತಿಗೆ ದಾರಿ ಸಿಗದೆ, ಒಳಗೇ ತಿರುಗಿ ಪೆಟ್ಟಿಗೆಯನ್ನೇ ಸುಡುತ್ತದಂತೆ. ನಮ್ಮಪ್ಪನ ಜಾತಕ ಓದಿದ ಹಾಗಿದೆ ಎಂದೆ. ಅವಳು ತಟ್ಟೆಯ ಮೇಲೆ ಬಗ್ಗಿ ನಕ್ಕಳು.

ಪರೀಕ್ಷೆಗೆ ಸ್ವಲ್ಪ ದಿನ ಇರುವಾಗ ಅಣ್ಣ ಕುಡಿದು ನನ್ನ ಅಂಗಡಿಗೆ ಬಂದ. ಗ್ಯಾರೇಜಿನ ಕೆಲಸಕ್ಕೆ ಮಗಳು ಬೇಕಂತೆ. ತಂತಿ ಜೋಡಿಸುವುದನ್ನು ಕಲಿತಿದ್ದಾಳಲ್ಲ, ಲಾರಿಗಳ ವೈರಿಂಗ್ ಮಾಡಲಿ, ಓದಿದ್ದು ಸಾಕು ಎಂದ. ಆಗುವುದಿಲ್ಲ ಎಂದೆ. ನನ್ನ ಕೆನ್ನೆಗೆ ಬಿಗಿದ. ಕಿವಿ ಗುಂಯ್ ಎಂದು, ನಾನು ಬಟ್ಟೆಯ ರಾಶಿಯ ಮೇಲೆ ಬಿದ್ದೆ. ಒಳಗಿಂದ ಬಂದ ಸುತ್ತಿಗೆ ಒಂದೇ ಒಂದು ಗುದ್ದು ಕೊಟ್ಟಳು. ಅವನ ಮುಂದಿನ ಹಲ್ಲು ಮುರಿದು, ಗಿರಾಕಿಯೊಬ್ಬರ ಬಿಳಿ ಅಂಗಿಯ ಮೇಲೆ ರಕ್ತದ ಜೊತೆ ಬಿತ್ತು.

ಗ್ಯಾರೇಜಿನ ಹೊಗಳುಭಟರಿಗೆ ಅಷ್ಟೇ ಬೇಕಾಗಿತ್ತು. ಮಗಳ ಕೈಲಿ ಹಲ್ಲು ಉದುರಿಸಿಕೊಂಡ ಗಂಡಸು ಎಂದು ಎದುರಿಗೇ ಆಡಿಕೊಂಡರು. ಕಾಲೇಜಿನ ಎಲ್ಲರೆದುರು ಅವಳ ಕೂದಲು ಹಿಡಿದು ಎಳೆದು ತರುತ್ತೇನೆ ಎಂದು ಅವನು ಶಪಥ ಮಾಡಿದ. ಕುಡುಕನ ಶಪಥ, ಇಳಿದ ಮೇಲೆ ಮರೆಯುತ್ತಾನೆ ಎಂದುಕೊಂಡೆ. ಪರೀಕ್ಷೆಯ ದಿನ ಬೆಳಿಗ್ಗೆ ಗ್ಯಾರೇಜಿನ ಪಕ್ಕದ ಹಾಲಿನವಳು ಓಡಿ ಬಂದಳು: "ಅಕ್ಕಾ, ನಿಮ್ಮಣ್ಣ ಕಾಲೇಜ್ ಕಡೆ ಹೋದ, ಕೈಯಲ್ಲಿ ಬೆಲ್ಟ್ ಸುತ್ಕೊಂಡಿದ್ದ." ಇಸ್ತ್ರಿಯನ್ನು ಆರಿಸಿದೆನೋ ಇಲ್ಲವೋ ನನಗೇ ಗೊತ್ತಿಲ್ಲ, ಓಡಿದೆ.

ಪರೀಕ್ಷೆಯ ಕ್ರಮ ಇದು. ಸುತ್ತಿಗೆ ಒಂದು ಕಟ್ಟಡದ ಕೋಣೆಯಲ್ಲಿ ಕೂತು, ಸ್ವಿಚ್ ಒತ್ತಿ ಹಿಡಿದುಕೊಂಡೇ, ಅಲ್ಲೇ ಕೊಟ್ಟ ಹಾಳೆಯಿಂದ ಒಂದೊಂದೇ ಪದ ಓದಬೇಕು. ಪಿಸು ಮೈದಾನದಾಚೆಯ ಕಟ್ಟಡದಲ್ಲಿ, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ, ಕೇಳಿಸಿದ್ದನ್ನೆಲ್ಲ ಬರೆಯಬೇಕು. ಎರಡೂ ಹಾಳೆ ಹೊಂದಬೇಕು. ಮಧ್ಯೆ ಸ್ವಿಚ್ ಬಿಟ್ಟು ಸಂಪರ್ಕ ಕಡಿದರೆ ಇಬ್ಬರೂ ಫೇಲು, ಇಬ್ಬರ ವರ್ಷವೂ ಮಣ್ಣುಪಾಲು.

ನಾನು ಮೆಟ್ಟಿಲು ಹತ್ತುವಾಗ ಲ್ಯಾಬ್ ಮೇಷ್ಟ್ರು ಮುರಿದ ಕನ್ನಡಕ ಹಿಡಿದುಕೊಂಡು ವಾಚ್‌ಮನ್‌ನನ್ನು ಕೂಗುತ್ತ ಕೆಳಗೆ ಓಡುತ್ತಿದ್ದರು. ಕೋಣೆಯ ಬಾಗಿಲು ಹಾರುಹೊಡೆದಿತ್ತು. ಅಣ್ಣ ಬೆಲ್ಟಿನಿಂದ ಬಾರಿಸುತ್ತಿದ್ದ. ಮೇಜಿನ ಮೇಲೆ ಆಂಟೆನಾದ ತಂತಿ ಬುಡದಲ್ಲಿ ಕಿತ್ತು ಬಂದಿತ್ತು. ಸುತ್ತಿಗೆ ಅದರ ತುದಿಯನ್ನು ಬಲಗೈ ಬೆರಳುಗಳಿಂದ ಪೆಟ್ಟಿಗೆಯ ತೂತಿಗೆ ಒತ್ತಿ ಹಿಡಿದಿದ್ದಳು. ಎಡಗೈ ಹೆಬ್ಬೆರಳು ಸ್ವಿಚ್ಚಿನ ಮೇಲೆ. ತುಟಿ ಒಡೆದು ಗದ್ದಕ್ಕೆ ರಕ್ತ ಇಳಿಯುತ್ತಿತ್ತು, ಕಣ್ಣು ಹಾಳೆಯ ಮೇಲಿತ್ತು.

"ದೋಣಿ," ಎಂದಳು. ಬೆಲ್ಟು ಬಿತ್ತು. "ಗಿಡುಗ." ಮತ್ತೆ ಬಿತ್ತು. "ಕೊಡೆ."

"ಎದ್ದೇಳೇ! ಹೊಡೀ ಈಗ, ಹೊಡೀ ನೋಡೋಣ!" ಎಂದು ಅಣ್ಣ ಅರಚುತ್ತಿದ್ದ. ಅವಳ ಕೂದಲು ಹಿಡಿದು ತಲೆಯನ್ನು ಮೇಜಿಗೆ ಬಡಿದ. ಅವಳ ಬಾಯಿ ಮೈಕಿನ ಪಕ್ಕದಲ್ಲೇ ಇತ್ತು. ಏನೋ ಗೊಣಗಿದ ಹಾಗಾಯಿತು, ಆಮೇಲೆ ಸ್ಪಷ್ಟವಾಗಿ, "ಹಗ್ಗ" ಎಂದಳು.

ಆ ಹುಡುಗಿಗೆ ಒಂದು ಕೈ ಬಿಡುವಾಗಿದ್ದರೆ ಅಣ್ಣನ ಉಳಿದ ಹಲ್ಲುಗಳೂ ನೆಲದ ಮೇಲಿರುತ್ತಿದ್ದವು. ತಂತಿ ಬಿಟ್ಟರೆ ಪೆಟ್ಟಿಗೆ ಸುಡುತ್ತದೆ, ಸ್ವಿಚ್ ಬಿಟ್ಟರೆ ಪಿಸು ಮುಳುಗುತ್ತಾನೆ, ಕೈ ಎತ್ತಿದರೆ ಕಾಲೇಜೇ ಇಲ್ಲ. ಪ್ರಿನ್ಸಿಪಾಲರ ಆಜ್ಞೆ ವಿದ್ಯಾರ್ಥಿಗಳಿಗೆ, ಅತ್ತೆಯರಿಗಲ್ಲ. ಅಲ್ಲಿದ್ದ ಮರದ ಸ್ಟೂಲು ಎತ್ತಿ ಅಣ್ಣನ ಬೆನ್ನಿಗೆ ಹಾಕಿದೆ.

"ಬಿಡೋ ಅವಳನ್ನ, ಕತ್ತೆ!"

ಅವನು ತಿರುಗಿದ. ಎರಡನೆಯದು ಭುಜಕ್ಕೆ ಬಿತ್ತು, ಮೂಳೆ ಲಟಕ್ಕೆಂದಿತು. "ಹಂದಿ! ಹೆತ್ತ ಮಗಳೋ ಅವಳು!" ಎನ್ನುತ್ತ ಇನ್ನೊಂದು ಹಾಕಿದೆ. ಅವನು ನೆಲಕ್ಕೆ ಕುಸಿದ ಮೇಲೂ ನನ್ನ ಕೈ ನಿಲ್ಲಲಿಲ್ಲ. ವಾಚ್‌ಮನ್ ಬಂದು ಸ್ಟೂಲು ಕಿತ್ತುಕೊಂಡ. ಈ ಗದ್ದಲದಲ್ಲೂ ಹಿಂದಿನಿಂದ ಅವಳ ದನಿ ಕೇಳುತ್ತಿತ್ತು: "ಕಿಟಕಿ. ನವಿಲು. ಮರಳು." ಕೊನೆಯ ಪದ ಓದಿ ಸ್ವಿಚ್ ಬಿಟ್ಟಳು, ಆಮೇಲೆ ತಂತಿ. ಆಮೇಲೆ ಕುರ್ಚಿಯಿಂದ ಜಾರಿ ನನ್ನ ಮೇಲೆ ಬಿದ್ದಳು.

ಅಣ್ಣನನ್ನು ಪೊಲೀಸರು ಎತ್ತಿಕೊಂಡು ಹೋದರು. ನನ್ನನ್ನೂ ಬರಹೇಳಿದರು, ಬರುತ್ತೇನೆ ಸ್ವಲ್ಪ ಇರಿ ಎಂದೆ. ಹುಡುಗಿಯ ಹಣೆಗೆ ಬಟ್ಟೆ ಒತ್ತಿ ಹಿಡಿದು ಮೈದಾನ ದಾಟಿಸಿದೆ. ಆಸ್ಪತ್ರೆಗೆ ಮೊದಲು ಫಲಿತಾಂಶ ಎಂದು ಹಟ ಹಿಡಿದಿದ್ದಳು.

ಆಚೆಯ ಕೋಣೆಯಲ್ಲಿ ಪಿಸು ಅಳುತ್ತ ಕೂತಿದ್ದ. ಪೆನ್ನು ಇನ್ನೂ ಕೈಯಲ್ಲೇ ಇತ್ತು. ತನ್ನ ಪೆಟ್ಟಿಗೆಯಲ್ಲಿ ಕೇಳಿಸಿದ್ದನ್ನೆಲ್ಲ ಬರೆದಿದ್ದ, ನಿಯಮ ಹಾಗಿತ್ತಲ್ಲ. ದೋಣಿ, ಗಿಡುಗ, ಕೊಡೆ. ನಡುವೆ ಎದ್ದೇಳೇ, ಹೊಡೀ, ಕತ್ತೆ, ಹಂದಿ. ಪರೀಕ್ಷಕರು ವಯಸ್ಸಾದವರು. ನನ್ನನ್ನೊಮ್ಮೆ ನೋಡಿ, ಬೈಗುಳ, ಕತ್ತೆ, ಹಂದಿ ಎಲ್ಲವನ್ನೂ ಹೊಡೆದುಹಾಕಿದರು.

"ಇವು ಹೊರಗಿನ ಗಲಾಟೆ, ಲೆಕ್ಕಕ್ಕಿಲ್ಲ. ಹಾಳೆಯಲ್ಲಿರೋ ಪದಗಳೆಲ್ಲ ಸರಿ ಬಂದಿವೆ." ಪೆನ್ನು ಕೊಡೆಗೂ ಹಗ್ಗಕ್ಕೂ ನಡುವೆ ನಿಂತಿತು. "ಇದೊಂದು ಹಾಳೆಯಲ್ಲಿಲ್ಲ. ಇದನ್ನ ಯಾರು ಹೇಳಿದ್ದು?"

ಪಿಸು ಮೂಗು ಒರೆಸಿಕೊಂಡ. "ಅವಳೇ ಸರ್."

ನಾನು ಬಗ್ಗಿ ನೋಡಿದೆ. ಅಪ್ಪಾ ಎಂದು ಬರೆದಿತ್ತು.

ತಾಯಿ ಸತ್ತ ಸುದ್ದಿ ಬಂದ ದಿನದಿಂದ ಅವಳು ಅವನನ್ನು ಹಾಗೆ ಕರೆದದ್ದೇ ಇಲ್ಲ. ಅವನು, ಆ ಮನುಷ್ಯ, ಅಷ್ಟೇ.

"ಬೇಡ, ಇದನ್ನೂ ಬಿಡೋಣಮ್ಮ," ಎಂದರು ಪರೀಕ್ಷಕರು.

"ಬಿಡ್ಬೇಡಿ ಸರ್. ಪೆಟ್ಟಿಗೇದೇನೂ ತಪ್ಪಿಲ್ಲ," ಎಂದಳು ಸುತ್ತಿಗೆ, ಊದಿದ ತುಟಿಯಲ್ಲಿ. "ಅದು ನಂದೇ ತಪ್ಪು. ಒಂದು ಅಂಕ ಕಳೀರಿ."