ಗೀರಿಲ್ಲದ ಸಿಡಿ

ಸಿಡಿ ಅಂಗಡಿಯವನು ನನಗೆ ಸುಳ್ಳು ಹೇಳಿದ. ಆ ಸ್ಪೇನ್ ದೇಶದ ಸಿನಿಮಾದಲ್ಲಿ ತಮ್ಮ ಬದುಕುವುದಿಲ್ಲ, ಪೊಲೀಸ್ ಸ್ಟೇಷನ್ನಿನ ಮೆಟ್ಟಿಲ ಮೇಲೆಯೇ ಸಾಯುತ್ತಾನೆ. ನಡೆದದ್ದು ಇಷ್ಟೇ.

ಅಂಗಡಿಯವನ ಅಂಗಿಯ ಎಡಗಡೆ ಅಂಚು ಯಾವಾಗಲೂ ಸವೆದು ಜಾಳಾಗಿರುತ್ತಿತ್ತು. ಒಂದೊಂದು ಸಿಡಿಯನ್ನೂ ಹಾ ಎಂದು ಊದಿ ಅದರಲ್ಲೇ ಒರೆಸುತ್ತಿದ್ದ. ಜಾವಗಲ್ ಬಸ್ ಸ್ಟ್ಯಾಂಡಿನ ಎದುರು ಅಂಗಡಿ. ಸಿಡಿ ಬಾಡಿಗೆಗೆ ಕೊಡುವುದು ಕಸುಬು. ಆದರೆ ಸಂತೆಯ ದಿನ ಬಸ್ಸಿಗೆ ಕಾಯುವ ಹೆಂಗಸರನ್ನು ಒಳಗೆ ಕೂರಿಸಿ, ಯಾವ ದೇಶದ ಸಿನಿಮಾ ಆದರೂ ಟಿವಿ ಪಕ್ಕ ನಿಂತು ಕನ್ನಡದಲ್ಲಿ ಹೇಳುತ್ತಿದ್ದ. ಅವನ ಬಾಯಲ್ಲಿ ಚೀನಾದ ಅತ್ತೆಯೂ ನಮ್ಮ ಅತ್ತೆಯರ ಹಾಗೇ ಬೈಯುತ್ತಿದ್ದಳು. "ಅಕ್ಕಾ, ನಿನ್ ಬಸ್ ಬಂತು. ಕೊನೇಲಿ ಮದ್ವೆ ಆಗ್ತಾರೆ, ಹೋಗು" ಎಂದು ಕಳಿಸುತ್ತಿದ್ದ.

ಆ ವರ್ಷ ನನ್ನ ತಮ್ಮ ಮೂವರ ಜೊತೆ ಸೇರಿ ಅರಸೀಕೆರೆಯಲ್ಲಿ ಒಂದು ಕೊಬ್ಬರಿ ಮಂಡಿಯ ಬೀರು ಒಡೆದಿದ್ದ. ಬಂದು ನಮ್ಮ ತೋಟದ ಪಂಪ್ ಮನೆಯಲ್ಲಿ ಅವಿತಿದ್ದ. ಸ್ಟೇಷನ್ನಿಗೆ ಹೋದರೆ ಮುಗಿಸುತ್ತೇವೆ ಎಂದು ಜೊತೆಯವರು ಹೇಳಿಕಳಿಸಿದ್ದರು. ಒಪ್ಪಿಸಲೋ ಓಡಿಸಲೋ ಗೊತ್ತಾಗದೆ ನಾನು ಕೂತಲ್ಲಿ ಕೂರುತ್ತಿರಲಿಲ್ಲ. ಅನ್ನ ಸೀದುಹೋಗುತ್ತಿತ್ತು. ಊರಿಗೆಲ್ಲ ವಿಷಯದ ವಾಸನೆ ಬಡಿದಿತ್ತು, ಸಿಡಿ ಅಂಗಡಿಯವನಿಗೂ.

"ಬಾ ಅಕ್ಕ, ಸ್ಪೇನ್ ಕಡೇದು ಬಂದೈತೆ. ದರೋಡೆ ಸಿನ್ಮಾ" ಎಂದ.

"ನಮ್ಮನೇದೇ ಸಾಕಾಗೈತೆ ಕಣಯ್ಯ."

"ನೋಡು ಅಂತೀನಿ."

ನೋಡಿದೆ. ನಾಲ್ವರು ಬ್ಯಾಂಕ್ ದೋಚಿದರು. ಅದರಲ್ಲಿ ಚಿಕ್ಕವನು ಅಕ್ಕನ ಮನೆಗೆ ಬಂದು ಬಚ್ಚಿಟ್ಟುಕೊಂಡ. ಅಕ್ಕ ಅವನ ಕೈ ಹಿಡಿದು ಸ್ಟೇಷನ್ ಮುಂದೆ ಕಾರಿನಿಂದ ಇಳಿದಳು. ಅಷ್ಟಕ್ಕೇ ಟಿವಿ ಕಪ್ಪಾಯಿತು.

"ಥೂ, ಗೀರು ಬಿದ್ದೈತೆ. ಮುಂದಿಂದು ನಾನೇ ಹೇಳ್ತೀನಿ ಬಿಡು. ಅಕ್ಕ ಒಪ್ಪಿಸ್ತಾಳೆ. ಇವ್ನು ಒಳಗಿದ್ದು ಬತ್ತಾನೆ. ಬಂದು ಎಮ್ಮೆ ಕಟ್ಕೊಂಡು ಬಾಳ್ತಾನೆ."

"ಆ ದೇಶದಲ್ಲಿ ಎಮ್ಮೆ ಐತಾ?"

"ಇಲ್ದೆ ಏನು? ಅವೂ ಬೆಳ್ಳಗವೆ, ಜನ್ರಂಗೆ."

ತಮ್ಮನನ್ನು ಕರೆದುಕೊಂಡು ಹೋಗಿ ಒಪ್ಪಿಸಿದೆ. ಮೆಟ್ಟಿಲು ಹತ್ತುವಾಗ ಹಿಂದೆ ತಿರುಗಿಯೂ ನೋಡಲಿಲ್ಲ. ಕೊನೆ ಗೊತ್ತಿತ್ತಲ್ಲ. ಕೊಲ್ಲಲು ಯಾರೂ ಬರಲಿಲ್ಲ. ತಮ್ಮ ಶಿಕ್ಷೆ ಮುಗಿಸಿ ಬಂದ. ಈಗ ಹಗರೆಯಲ್ಲಿ ಎಮ್ಮೆ ಕಟ್ಟಿದ್ದಾನೆ.

ಎಲ್ಲರ ಕೈಗೂ ಫೋನ್ ಬಂದಮೇಲೆ ಸಿಡಿಯವನು ಅಂಗಡಿ ಮುಚ್ಚಿದ. ಹಕ್ಕಿ ಓಡಿಸಲು ಹೊಲದಲ್ಲಿ ಕಟ್ಟಿಕೊಳ್ಳಿ ಎಂದು ಹಳೇ ಸಿಡಿಗಳನ್ನು ಹಂಚಿದ. ನಾನು ಆ ಸ್ಪೇನ್ ಸಿನಿಮಾದ್ದನ್ನೇ ಕೇಳಿದೆ. "ಅದು ಹಾಳಾಗೈತಲ್ಲಕ್ಕ" ಎಂದು ಹಿಂದೆಮುಂದೆ ನೋಡಿದ. ಕಿತ್ತುಕೊಂಡು ಬಂದು ಟ್ರಂಕಿನಲ್ಲಿಟ್ಟೆ. ಹೋದ ವರ್ಷ ಅವನು ತೀರಿಕೊಂಡ.

ಮೊನ್ನೆ ಮೊಮ್ಮಗಳು ಅದನ್ನು ಕಂಪ್ಯೂಟರಿಗೆ ಹಾಕಿದಳು. ಎಲ್ಲೂ ನಿಲ್ಲದೆ ಓಡಿತು. ಅಕ್ಕ ತಮ್ಮ ಕಾರಿನಿಂದ ಇಳಿದರು, ಮೆಟ್ಟಿಲು ಹತ್ತಿದರು, ಜೊತೆಯವರು ಗುಂಡು ಹೊಡೆದರು.

"ಗೀರೇ ಇಲ್ವಲ್ಲಜ್ಜಿ" ಎಂದಳು.

ನನಗೆ ಮೈಯೆಲ್ಲ ಉರಿಯಿತು. ನನ್ನ ತಮ್ಮನಿಗೂ ಹಾಗೇ ಆಗಿದ್ದರೆ? ಸಿನಿಮಾದ ಕೊನೆ ಗೊತ್ತಿದ್ದೂ ಆ ಸಿಡಿಯವನು ನನ್ನನ್ನು ಕಳಿಸಿದನಲ್ಲ. ಆದರೆ ನಾನೂ ಆ ಕೊನೆ ನೋಡಿದ್ದರೆ ತಮ್ಮನನ್ನು ಓಡಿಸುತ್ತಿದ್ದೆ, ಅವನು ಇವತ್ತು ಯಾವ ಚರಂಡಿಯಲ್ಲಿರುತ್ತಿದ್ದನೋ. ಹಜಾರದಿಂದ ಹಿತ್ತಿಲಿಗೆ, ಹಿತ್ತಿಲಿಂದ ಹಜಾರಕ್ಕೆ ತಿರುಗಿದೆ. ಬೈಯೋಣವೆಂದರೆ ಮನುಷ್ಯ ಇಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹಗರೆಗೆ ಹೋದೆ. ತಮ್ಮ ಹಾಲು ಕರೆಯುತ್ತಿದ್ದ.

"ಏನಕ್ಕ, ಇಷ್ಟೊತ್ಗೇ?"

"ಕ್ಯಾನಿಗೆ ಹಾಲು ಹಾಕು" ಎಂದೆ.

ಅದನ್ನು ಹಿಡಿದು ಜಾವಗಲ್ಲಿಗೆ ವಾಪಸ್ ಬಂದು ಸಿಡಿ ಅಂಗಡಿಯವನ ಮನೆ ಬಾಗಿಲು ತಟ್ಟಿದೆ. ಅವನ ಹೆಂಡತಿ ಬಂದಳು.

"ಪಾತ್ರೆ ತಗೊಂಬಾರವ್ವ" ಎಂದೆ.