ಎಮ್ಮೆ ಕರೆಯುವ ದನಿ

ನನ್ನ ಅಣ್ಣ ಕಂಬಳಿ ಹೊದ್ದು ಗಿಟಾರ್ ಹಿಡಿದು ನಿಂತದ್ದನ್ನು ಊರೆಲ್ಲ ಮೆಚ್ಚಿತು. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ಗದಗ ಹೊಸದಾಗಿ ಜಿಲ್ಲೆಯಾದ ಕಾಲಕ್ಕೆ ಅವನು ನಯನಾಜೂಕಿನ ಪಾಪ್ ಗಾಯಕ. ಮಿರಿಮಿರಿ ಮಿನುಗುವ ಕೋಟು, ಒಂದೆಳೆಯೂ ಕದಲದ ಕ್ರಾಪು, ಮೈಕಿಗೆ ತುಟಿ ತಾಗಿಸಿ ಪಿಸುಗುಡುವ ಪ್ರೇಮಗೀತೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಿ ಕಾರ್ಯಕ್ರಮವಾದರೂ ಅವನ ಹಿಂದೆ ನಿಂತು ದನಿಗೂಡಿಸುವವಳು ನಾನು. ಸಿಂಗಟಾಲೂರಿನಲ್ಲಿ ಹೊಳೆ ಈಜಿ ಆಚೆ ದಂಡೆಗೆ ಹೋದ ಎಮ್ಮೆಗಳನ್ನು ಈಚೆಯಿಂದಲೇ ಕೂಗಿ ಕರೆದು ಬೆಳೆದ ಗಂಟಲು ನನ್ನದು. ಅದೇ ಅವನಿಗೆ ತಲೆನೋವು.

"ಎಮ್ಮಿ ಕರದಂಗ ಹಾಡಬ್ಯಾಡಬೇ, ಮಂದಿ ನಗತಾರ," ಎನ್ನುತ್ತಿದ್ದ. ಬಾಯಿಗೆ ಸೆರಗು ಒತ್ತಿಕೊಂಡು ಹಾಡುವ ಅಭ್ಯಾಸ ಮಾಡಿಸಿದ. ವರ್ಷಗಟ್ಟಲೆ ಹಾಗೆ ಹಾಡಿ ಹಾಡಿ ನನ್ನ ದನಿಯೂ ಅವನ ಕೋಟಿನಂತೆ ನುಣ್ಣಗಾಯಿತು. ಹಾಡುವುದು ಬಿಟ್ಟರೆ ನನಗೆ ಬದುಕಿನಲ್ಲಿ ಬೇರೇನೂ ಬೇಕಿರಲಿಲ್ಲ. ಅದಕ್ಕೇ ಹಲ್ಲು ಕಚ್ಚಿ ಸಹಿಸಿದೆ.

ಆಮೇಲೆ ಪಾಪ್ ಕೇಳುವವರು ಕಡಿಮೆಯಾದರು. ಅಣ್ಣ ಕೋಟು ಕಳಚಿ ಕಂಬಳಿ ಹೊದ್ದ, ಗಡ್ಡ ಬಿಟ್ಟ. ಇನ್ನು ತನ್ನದು ಜಾನಪದ ರಾಕ್ ಎಂದು ಸಾರಿದ. ಅವ್ವನ ಜೊತೆ ಕಳೆ ತೆಗೆಯುತ್ತ ನಾನು ಕಲಿತ ಹಾಡಿಗೇ ಗಿಟಾರು, ಡ್ರಮ್ಮು ಕೂಡಿಸಿದ. ಒಂದು ದಿನವೂ ಹೊಲದಲ್ಲಿ ಬಗ್ಗದ ಆಸಾಮಿ! ಆದರೂ, ಇನ್ನಾದರೂ ಮುಂದೆ ನಿಂತು ಹಾಡುವ ಪಾಳಿ ನನ್ನದೆಂದು ಆಸೆಪಟ್ಟೆ.

ಬಿಂಕದಕಟ್ಟಿಯಲ್ಲಿ ಅವನ ಗೆಳೆಯನ ಗೋದಾಮಿನಲ್ಲಿ ತಾಲೀಮು ನಡೆಯಿತು. ನಾನು ಎರಡು ಸಾಲು ಹಾಡುವಷ್ಟರಲ್ಲಿ ಅಣ್ಣ ಕೈಯೆತ್ತಿ ನಿಲ್ಲಿಸಿದ.

"ಭಾಳ ನುಣ್ಣಗ ಆತವ್ವಾ. ಇದಕ್ಕ ಮಣ್ಣಿನ ದನಿ ಬೇಕು. ಹುಬ್ಬಳ್ಳಿಯಿಂದ ಒಬ್ಬಾಕಿನ್ನ ಕರಸೇನಿ. ನೀ ಹಿಂದ ನಿಂದ್ರು."

ಪಿತ್ತ ನೆತ್ತಿಗೇರಿತು. "ನನ್ನ ಗಂಟಲಾ ಹಿಚುಕಿದಾಂವ ನೀನ! ಬಾಯಿಗೆ ಸೆರಗ ಹಿಡಿಸಿದಾಂವ ನೀನ! ಈಗ ಮಣ್ಣ ಬೇಕೇನಲೇ? ನಿನ್ನ ಬಾಯಾಗ ಮಣ್ಣ ಬೀಳಲಿ!"

ತಗಡಿನ ಚಾವಣಿಯ ಮೇಲಿದ್ದ ಪಾರಿವಾಳಗಳೆಲ್ಲ ಪಟಪಟನೆ ಎದ್ದವು. ನನಗೇ ಆಶ್ಚರ್ಯವಾಯಿತು. ಹೊಳೆ ದಾಟುತ್ತಿದ್ದ ದನಿ ಸತ್ತಿರಲಿಲ್ಲ.

ಅಣ್ಣ ಕುಣಿದಾಡಿದ. "ಇದ ನೋಡ್ರಿ! ಇದ ಬೇಕಾಗಿತ್ತು! ಮೈಕ್ ಚಾಲೂ ಮಾಡ್ರೋ! ತಂಗಿ, ಇನ್ನೊಮ್ಮೆ ಬೈಯವ್ವಾ, ಹಂಗ ಬೈ!"

ನಾನು ಚಪ್ಪಲಿ ಮೆಟ್ಟಿಕೊಂಡೆ. ಮೈಕಿನ ಹತ್ತಿರ ಹೋಗಿ, ಅವನೇ ಕಲಿಸಿದಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಹೋಗಿ ಬರತೇನಣ್ಣಾ" ಎಂದು ಪಿಸುಗುಟ್ಟಿ ಹೊರಬಿದ್ದೆ.