ಹದಿನೇಳಕ್ಕೆ ಹೋದ ಸಂಖ್ಯೆ

ಮೊನ್ನೆ ತುಮಕೂರಿನ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕುಳಿತವರು ನಶ್ಯದ ಡಬ್ಬಿ ತೆರೆದರು. ಆ ಘಾಟು ಮೂಗಿಗೆ ತಾಗಿದ ಕೂಡಲೇ ನಮ್ಮ ನೇಯ್ಗೆ ಮೇಷ್ಟ್ರು ನೆನಪಾದರು…

ಗುಬ್ಬಿಯ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತಿದ್ದೆ, ಅವರು ನೇಯ್ಗೆ. ನನ್ನ ತರಗತಿಗೆ ಮಕ್ಕಳು ಸಾಲಾಗಿ ಬರುತ್ತಿದ್ದರು. ಅವರ ಮಗ್ಗದ ಕೋಣೆಗೆ ಓಡುತ್ತಿದ್ದರು. ನನ್ನ ಹೊಟ್ಟೆಕಿಚ್ಚು ಅಲ್ಲಿಂದಲೇ ಶುರು.

ಬೆಳಗ್ಗೆ ಐದರಿಂದ ಆರರವರೆಗೆ ನನಗೊಂದು ವ್ರತವಿತ್ತು. ೩೧, ೩೩೧, ೩೩೩೧ ಎಂದು ಮುಂದೆ ಒಂದೊಂದೇ ಮೂರು ಸೇರಿಸುತ್ತ ಹೋದರೆ ಸಿಗುವವೆಲ್ಲ ಅವಿಭಾಜ್ಯ ಸಂಖ್ಯೆಗಳು ಎಂಬುದು ನನ್ನ ನಂಬಿಕೆ. ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದಕ್ಕೂ ಬಗ್ಗದಂಥವು. ೩೩೩೩೩೩೩೧ರವರೆಗೆ ಏಳನ್ನೂ ಕೈಯಲ್ಲೇ ಭಾಗಿಸಿ ನೋಡಿದ್ದೆ. ಮುಂದಿನದು ಒಂಬತ್ತಂಕಿಯದು, ೩೩೩೩೩೩೩೩೧. ಏಳು ಸಲ ಸೋತ ಸಣ್ಣ ಭಾಜಕಗಳು ಇಲ್ಲೇನು ಮಾಡಿಯಾವು ಎಂದು ನೂರರ ಒಳಗಿನವನ್ನೆಲ್ಲ ಬಿಟ್ಟು ಶುರುಮಾಡಿದೆ. ವರ್ಷವಿಡೀ ಭಾಗಿಸಿದರೂ ಒಂದೂ ತಗುಲಲಿಲ್ಲ. ತುಮಕೂರಿನ ವಿಜ್ಞಾನ ಮೇಳಕ್ಕೆ ಎಂಟು ಸಂಖ್ಯೆಗಳನ್ನೂ ನೂರರಾಚೆ ಯತ್ನಿಸಿದ ಭಾಜಕಗಳನ್ನೂ ಹಾಕಿ ಚಾರ್ಟ್ ಬರೆದೆ: ‘ಈ ಸಾಲು ಎಂದೂ ಮುರಿಯದು.’

ಮೇಳದ ಹಿಂದಿನ ಮಧ್ಯಾಹ್ನ ನೇಯ್ಗೆ ಮೇಷ್ಟ್ರು ಆ ಚಾರ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಸೀಮೆಸುಣ್ಣದಲ್ಲಿ ನೆಲದ ಮೇಲೆ ಏನೋ ಗೀಚಿದರು. ಆಮೇಲೆ ಸ್ಟಾಫ್ ರೂಮಿನಲ್ಲಿ ನಾನೊಬ್ಬನೇ ಇರುವ ಹೊತ್ತು ನೋಡಿಕೊಂಡು ಒಳಗೆ ಬಂದರು.

“ಸಾರ್, ಕೊನೇದು ಹದಿನೇಳಕ್ಕೆ ಹೋಯ್ತದೆ ಕಣ್ರೀ.”

“ನಿಮ್ಮ ಮಗ್ಗ ನೋಡ್ಕೊಳ್ಳಿ ಹೋಗ್ರಿ.”

“ನೋಡ್ಕೋತೀನಿ ಬುಡಿ. ಆದ್ರೆ ಚಿಕ್ಕೋರನ್ನೆಲ್ಲ ಯಾಕ್ ಸಾರ್ ಹೊರಗ್ ನಿಲ್ಸಿದ್ರಿ?”

ಅವರು ಹೋದ ಮೇಲೆ ಭಾಗಿಸಿದೆ. ಶೇಷ ಸೊನ್ನೆ. ಒಂದು ವರ್ಷದ ಬೆಳಗುಗಳು ಎರಡು ನಿಮಿಷಕ್ಕೆ ಹೋದವು…

ಅಂದೇ ಹೊಸ ಚಾರ್ಟ್ ಬರೆದೆ: ಏಳರವರೆಗೆ ನಿಂತ ಸಾಲು ಎಂಟನೆಯದರಲ್ಲಿ ಹದಿನೇಳಕ್ಕೆ ಸಿಕ್ಕಿ ಮುರಿಯುತ್ತದೆ. ಮೇಳದಲ್ಲಿ ಜನ ಮುತ್ತಿದ್ದು ಅದಕ್ಕೇ. “ಹದಿನೇಳು ಅಂತ ಹಿಡಿದವರು ಯಾರು?” ಎಂದು ತೀರ್ಪುಗಾರರು ಕೇಳಿದರು. ಎರಡೇ ಹೆಜ್ಜೆ ಆಚೆ ನೇಯ್ಗೆ ಮೇಷ್ಟ್ರು ಮಕ್ಕಳು ನೇಯ್ದ ಟವೆಲ್ ಜೋಡಿಸುತ್ತಿದ್ದರು.

“ನಾನೇ,” ಅಂದೆ. ಮೇಷ್ಟ್ರು ತಲೆಯೆತ್ತದೆ ಟವೆಲ್ ಜೋಡಿಸುತ್ತಲೇ ಇದ್ದರು. ಆಮೇಲೆಯೂ ಅದರ ಬಗ್ಗೆ ನನ್ನನ್ನು ಕೇಳಲಿಲ್ಲ. ನನಗೆ ಅದನ್ನೂ ಸಹಿಸಲಾಗಲಿಲ್ಲ.

ನಿನ್ನೆ ಚೇಳೂರಿನ ಅವರ ಮನೆಗೆ ಹೋಗಿದ್ದೆ. ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಗಿದೆ. ಅವರ ಹೆಂಡತಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕುಳಿತವನೇ ಹೇಳಿಬಿಟ್ಟೆ, “ಆ ಹದಿನೇಳನ್ನ ಹಿಡಿದಿದ್ದು ನಾನಲ್ಲಮ್ಮ, ನಿಮ್ಮ ಯಜಮಾನ್ರು.”

ಆಕೆ ನಕ್ಕುಬಿಟ್ಟರು. “ಅಯ್ಯೋ, ತಮಾಸೆ ಮಾಡ್ಬೇಡಿ ಸಾರ್! ನಮ್ಮೋರೇ ಊರ್ ತುಂಬ ಹೇಳ್ಕೊಂಡ್ ಬರೋರು, ನಮ್ ಲೆಕ್ಕದ್ ಮೇಷ್ಟ್ರು ಹಿಡುದ್ರು ಅಂತ. ಅವ್ರಿಗೆಲ್ ಬರ್ತಿತ್ತು ಅಂಥ ಲೆಕ್ಕ?”

ಮತ್ತೆರಡು ಸಲ ಹೇಳಿದೆ. ಆಕೆ ನಗುತ್ತಲೇ ಕಾಫಿ ತರಲು ಎದ್ದರು. ಇದರಲ್ಲೂ ಮೇಷ್ಟ್ರೇ ನನಗಿಂತ ಮುಂದೆ. ನನ್ನ ಮಾತು ನಿಜವೆಂದು ಹೇಳಬಲ್ಲವರು ಒಬ್ಬರೇ ಇದ್ದರು… ಅವರು ಈಗ ಇಲ್ಲ.